ಓವನ್‌ನಲ್ಲಿ ‘ಟಪ್’ ಅಂತು: ಎಸ್‌ಎಂಡಿ (ಬಿಡಿಭಾಗ ಮೇಲ್ಮೈಗೇ ಬೆಸೆಯುವ) ಬೋರ್ಡ್ ಪ್ರಶ್ನೋತ್ತರ

ಶಿರಸಿ ತೋಟದವ: ಅಕ್ಕಾ, ಪಂಪ್‌ಸೆಟ್ ಸ್ಟಾರ್ಟರ್‌ಗೆ ಅಂತ 40 ಬೋರ್ಡ್ ಜೋಡಿಸಿದೆ. ಬೆಸುಗೆಗೆ ಸೀಸ ಇಲ್ಲದ ಪೇಸ್ಟ್. ಓವನ್‌ನಲ್ಲಿ ಎರಡ್ಮೂರು ಸಲ ‘ಟಪ್’ ಅಂತ ಕೇಳಿತು. 9 ಬೋರ್ಡಿನ ಐಸಿ ಸತ್ತಿದೆ, 31 ಸರಿ ಇದೆ. ಪೇಸ್ಟ್ ಹಳೇದಾ ಎಂತ?

ಕುಮಟಾ: ಫ್ರಿಜ್‌ನಿಂದ ತೆಗೆದ ಪೇಸ್ಟ್ ಕೂಡಲೇ ಹಚ್ಚಬಹುದಾ ಮೇಡಂ?

ಕಾರವಾರದ ಅಕ್ಕ: ಬೇಡ. ಮುಚ್ಚಳ ತೆರೆಯದೆ ನಾಲ್ಕು ತಾಸು ಹೊರಗಿಡಿ. ತಣ್ಣನೆ ಡಬ್ಬಿ ತೆರೆದರೆ ನೀರು ಕೂರುತ್ತದೆ, ಓವನ್‌ನಲ್ಲಿ ಬೆಸುಗೆ ಗುಂಡುಗುಂಡಾಗಿ ಸಿಡಿಯುತ್ತದೆ.
ತಮಾ ಶಿರಸಿ, ಐಸಿ ಚೀಲ ಯಾವಾಗ ಒಡೆದೆ? ಒಳಗಿನ ತೇವ ತೋರಿಸುವ ಚೀಟಿಯ ಚುಕ್ಕಿ ನೀಲಿ ಇತ್ತಾ, ತೇವಕ್ಕೆ ಗುಲಾಬಿ ಆಗಿತ್ತಾ?

ಶಿರಸಿ ತೋಟದವ: ಮಳೆ ಹಿಡಿದಾಗಲೇ ಒಡೆದದ್ದು, ತಿಂಗಳಾತು. ಚೀಟಿ ಎಸೆದೆ. ಚೀಲದ ಮೇಲೆ ಎಂಎಸ್‌ಎಲ್ 3 ಅಂತಿತ್ತು.

ಕಾರವಾರದ ಅಕ್ಕ: ಹಾಗಾದರೆ ಪೇಸ್ಟಿನದ್ದಲ್ಲ. ಎಂಎಸ್‌ಎಲ್ ಅನ್ನೋದು ಐಸಿಗೆ ತೇವ ಎಷ್ಟು ಬಾಧಿಸುತ್ತದೆ ಅನ್ನುವ ದರ್ಜೆ; 3 ಅಂದರೆ ಚೀಲ ಒಡೆದ ಮೇಲೆ 168 ತಾಸಿನೊಳಗೆ ಬೆಸೆಯಬೇಕು. ಅದೂ 30 ಡಿಗ್ರಿ, ಶೇ. 60 ತೇವ ಮೀರದ ಕೋಣೆಯಲ್ಲಿ. ಆಷಾಢದಲ್ಲಿ ಶಿರಸಿಯ ಯಾವ ಕೋಣೆ ಹಾಗಿರುತ್ತದೆ? ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ. ಐಸಿಯ ಕಪ್ಪು ಪ್ಲಾಸ್ಟಿಕ್ ತೇವ ಕುಡಿದಿದೆ. ಸೀಸ ಇಲ್ಲದ ಮಾಮೂಲಿ ಬೆಸುಗೆ ಕರಗುವುದೇ 217ರ ಮೇಲೆ. ಅಷ್ಟರಲ್ಲಿ ಒಳಗಿನ ನೀರು ಆವಿಯಾಗಿ ಪ್ಲಾಸ್ಟಿಕ್ ಬಿರಿಯುತ್ತದೆ. ನೀ ಕೇಳಿದ ‘ಟಪ್’ ಅದೇ ಇರಬೇಕು.
ಸತ್ತ ಒಂಬತ್ತರ ಚಿಂತೆ ನನಗಿಲ್ಲ, ‘ಸರಿ ಇದೆ’ ಅಂದ 31ರದ್ದೇ ಹೆದರಿಕೆ. ಒಳಗೆ ಬಿರುಕು ಬಿಟ್ಟ ಐಸಿಯೂ ಇವತ್ತು ಟೆಸ್ಟ್ ಪಾಸಾಗುತ್ತದೆ, ನಾಳೆ ಬಿಸಿಲು–ಮಳೆಗೆ ಒಳಗಿನ ತಂತಿ ಬಿಟ್ಟುಹೋಗುತ್ತದೆ. ಒಂದನ್ನೂ ಕೊಡಬೇಡ. ಉಳಿದ ಐಸಿ ಟ್ರೇಯಲ್ಲಿದ್ದರೆ 125 ಡಿಗ್ರಿಯಲ್ಲಿ ಒಣಗಿಸು, ಎಷ್ಟು ತಾಸು ಅನ್ನೋದು ಐಸಿಯ ದಪ್ಪದ ಮೇಲೆ. ರೀಲ್‌ನಲ್ಲಿದ್ದರೆ ಆ ಬಿಸಿಗೆ ರೀಲೇ ಸೊಟ್ಟಗಾಗುತ್ತದೆ; 40ರಲ್ಲಿ, ದಿನಗಟ್ಟಲೆ.

ಅಂಕೋಲಾ: ಫಾರ್ವರ್ಡ್ ಬಂದಿತ್ತು: ಐಸಿ ಅಕ್ಕಿಯಲ್ಲಿ ಹುಗಿದಿಟ್ಟರೆ ತೇವ ಹೋಗ್ತದೆ, ಪೇಸ್ಟಿಗೆ ಚಿಟಿಕೆ ನವಸಾಗರ ಹಾಕಿದರೆ ಬೆಸುಗೆ ಗಟ್ಟಿ 🙏

ಕಾರವಾರದ ಅಕ್ಕ: ಅಕ್ಕಿ ಅನ್ನಕ್ಕೆ. ನವಸಾಗರ ಪಾತ್ರೆಗೆ ಕಲಾಯಿ ಹಾಕುವವರಿಗೆ. ಅದರ ಕ್ಲೋರೈಡ್ ಬೋರ್ಡಿನಲ್ಲಿ ಉಳಿದರೆ ನಮ್ಮ ಕಡಲಗಾಳಿಗೆ ತಾಮ್ರ ಹಸಿರು ತಿರುಗುತ್ತದೆ. ದಯವಿಟ್ಟು ಅಳಿಸಿ.

ಹೊನ್ನಾವರ: ತವರ–ಸೀಸದ 63/37 ಬೆಸುಗೆ ಹಾಕಿದ್ದರೆ 183ಕ್ಕೇ ಕರಗ್ತಿತ್ತು. ಸೀಸ ಇಲ್ಲದ್ದು ಬರೀ ಶೋಕಿ.

ಕುಮಟಾ: ಸೀಸ ವಿಷ ಸ್ವಾಮಿ. ಮನೆಯಲ್ಲಿ ಮಕ್ಕಳಿಲ್ಲವಾ?

ಹೊನ್ನಾವರ: ಇಪ್ಪತ್ತು ವರ್ಷ ಬೆಸೆದಿದ್ದೇನೆ. ನೀವು ಬೋರ್ಡ್ ಎಷ್ಟು ಮಾಡಿದ್ದೀರಿ?

ಕುಮಟಾ: ಲೆಕ್ಕ ಕೊಡ್ಲಿಕ್ಕೆ ನೀವು ಯಾರು?

ಕಾರವಾರದ ಅಕ್ಕ: ಕೈ ತೊಳೆದು ಊಟ ಮಾಡಿ ಇಬ್ಬರೂ.

ಭಟ್ಕಳ: ಫ್ರಿಜ್ ಪೇಸ್ಟ್ ಎಷ್ಟು ಹೊತ್ತು ಹೊರಗಿಡಬೇಕು?

ಕಾರವಾರದ ಅಕ್ಕ: ಮೇಲೆ ಓದಿ.

ಶಿರಸಿ ತೋಟದವ: ಅಕ್ಕಾ… 14 ಬೋರ್ಡ್ ಕೊಟ್ಟಾಗಿದೆ. ತೋಟದಲ್ಲಿ ಓಡ್ತಾ ಇವೆ.

ಕಾರವಾರದ ಅಕ್ಕ: ಇದನ್ನು ಮೊದಲೇ ಹೇಳಬಾರದಾ ಮಾರಾಯ! ಸ್ಟಾರ್ಟರ್ ಅದು, ಬಂದ್ ಆಗದೆ ಬಾವಿ ಬತ್ತಿದ ಮೇಲೂ ಮೋಟರ್ ತಿರುಗಿದರೆ? ಇವತ್ತೇ ವಾಪಸ್ ತರಿಸು.

ಶಿರಸಿ ತೋಟದವ: 11 ಮನೆಯವರು ಸಿಕ್ಕಿದರು. ಮೂವರು ಫೋನ್ ಎತ್ತುತ್ತಿಲ್ಲ.

ಕಾರವಾರದ ಅಕ್ಕ: ಬೈಕ್ ಇಲ್ಲವಾ ನಿನ್ನ ಹತ್ತಿರ?