ಕಾಲು ಮುಟ್ಟಿದೊಡನೆ ಅಜ್ಜಿ ಚೀರಿದರು, ಈ ಓದು ಬಿಟ್ಟುಬಿಡಲೇ?

ಸಮಸ್ಯೆ: ನಾನು ವಿಶ್ವವಿದ್ಯಾಲಯದಲ್ಲಿ ರೇಡಿಯಾಗ್ರಫಿ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ತೆಗೆಯುವುದನ್ನು ಕಲಿಸುವ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಕ್ಲಿನಿಕಲ್ ಪೋಸ್ಟಿಂಗ್ (ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ತರಬೇತಿ) ಶುರುವಾಗಿ ಎರಡು ತಿಂಗಳಾಯಿತು. ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದ ಅಜ್ಜಿಯೊಬ್ಬರನ್ನು ಸ್ಟ್ರೆಚರ್‌ನಲ್ಲಿ ಕರೆತಂದಿದ್ದರು. ಎಕ್ಸ್‌ರೇ ತೆಗೆಯಲು ತರಗತಿಯಲ್ಲಿ ಹೇಳಿಕೊಟ್ಟಂತೆ ಪಾದವನ್ನು ಒಳಕ್ಕೆ ತಿರುಗಿಸಲು ಹೋದೆ. ಅವರು ಚೀರಿದ್ದು ಇನ್ನೂ ಕಿವಿಯಲ್ಲಿದೆ. ಚಿತ್ರವೂ ಸರಿ ಬರದೆ ಮತ್ತೊಮ್ಮೆ ತೆಗೆಯಬೇಕಾಯಿತು. ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಭೌತಶಾಸ್ತ್ರ ತಲೆಗೆ ಹತ್ತುತ್ತಿಲ್ಲ. ಮನೆಯಲ್ಲಿ ‘ಗುಂಡಿ ಒತ್ತುವ ಕೆಲಸಕ್ಕೆ ಇಷ್ಟು ವರ್ಷ ಓದಬೇಕಾ’ ಅನ್ನುತ್ತಾರೆ, ವಿಕಿರಣದ ಭಯ ಬೇರೆ. ಬಿಟ್ಟುಬಿಡಲೇ?

ಓದುಗರು ಹೀಗೆ ಸ್ಪಂದಿಸಿದ್ದಾರೆ:

ತಂಗೀ, ನಿನ್ನ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 22 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಪೋಸ್ಟಿಂಗಿಗೆ ಬರುವ ಮಕ್ಕಳಿಗೆ ಕಲಿಸುತ್ತೇನೆ. ನಿನ್ನದು ಕೈಯ ತಪ್ಪಲ್ಲ. ಪಾಠದ ಒಂದು ಸಾಲು ನಿನಗೆ ಸಿಕ್ಕಿದೆ, ಅದರ ಮುಂದಿನ ಸಾಲು ಸಿಕ್ಕಿಲ್ಲ, ಅಷ್ಟೇ.

ಸೊಂಟದ ಚಿತ್ರಕ್ಕೆ ಪಾದವನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸು ಅಂತ ಕಲಿಸುವುದು ಯಾಕೆ? ತೊಡೆಮೂಳೆಯ ಕತ್ತು, ಅಂದರೆ ಅದರ ತಲೆಯ ಕೆಳಗಿನ ಸಣ್ಣ ಭಾಗ, ಸಹಜವಾಗಿ ತುಸು ಮುಂದಕ್ಕೆ ವಾಲಿರುತ್ತದೆ. ಪಾದ ಒಳಕ್ಕೆ ತಿರುಗಿದರೆ ಆ ಕತ್ತು ಡಿಟೆಕ್ಟರ್‌ಗೆ (ಚಿತ್ರ ಹಿಡಿಯುವ ಫಲಕಕ್ಕೆ) ಸಮಾನಾಂತರವಾಗಿ ಮಲಗಿ ಪೂರ್ತಿ ಉದ್ದಕ್ಕೆ ಕಾಣುತ್ತದೆ. ಆದರೆ ಇದು ಮೂಳೆ ಗಟ್ಟಿಯಿರುವವರ ಮಾತು. ತೊಡೆಮೂಳೆಯ ಕತ್ತು ಮುರಿದಿರುವ ಅನುಮಾನವಿದ್ದರೆ ಆ ಕಾಲನ್ನು ತಿರುಗಿಸಲೇಬಾರದು. ಕೋಣೆಯೊಳಕ್ಕೆ ಬಂದ ಕೂಡಲೇ ಹೊದಿಕೆ ಸರಿಸಿ ಎರಡೂ ಪಾದ ನೋಡು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿಕೊಂಡು ಬಿದ್ದಿದ್ದರೆ ಮೂಳೆ ಮುರಿದಿದೆ ಅಂತಲೇ ಇಟ್ಟುಕೊಂಡು ಕೆಲಸ ಮಾಡಬೇಕು. ಕಾಲು ಹೇಗಿದೆಯೋ ಹಾಗೇ ಬಿಟ್ಟು ಮುಂದಿನಿಂದ ಒಂದು ಚಿತ್ರ ತೆಗೆ. ಪಕ್ಕದ ಚಿತ್ರಕ್ಕೆ ಪೆಟ್ಟಾದ ಕಾಲಿನ ತಂಟೆಗೇ ಹೋಗಬೇಡ. ಚೆನ್ನಾಗಿರುವ ಕಾಲನ್ನು ಮಡಚಿ ಮೇಲೆತ್ತಿ ಆಸರೆಯ ಮೇಲಿಡಿಸು, ಪೆಟ್ಟಾದ ಸೊಂಟದ ಹೊರಮಗ್ಗುಲಿಗೆ ಡಿಟೆಕ್ಟರ್ ನಿಲ್ಲಿಸು, ಕಿರಣ ಹೊರಡುವ ಟ್ಯೂಬನ್ನು ಅಡ್ಡಕ್ಕೆ ಮಲಗಿಸಿ ತೊಡೆಸಂದಿನ ಕಡೆಯಿಂದ ಕಿರಣ ಹಾಯಿಸು. ತಿರುಗಬೇಕಾದದ್ದು ಯಂತ್ರ, ರೋಗಿಯಲ್ಲ. ಇದನ್ನು ನಿನಗೆ ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದವರು ಹೇಳಬೇಕಿತ್ತು. ಎರಡನೇ ವರ್ಷದವರನ್ನು ಅಂಥ ರೋಗಿಯ ಬಳಿ ಒಬ್ಬರೇ ಬಿಡುವುದು ಸರಿಯಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಇನ್ನೂ ಒಂದೆರಡು. ಮುಟ್ಟುವ ಮುಂಚೆ ಜೊತೆಗೆ ಬಂದ ನರ್ಸ್ ಹತ್ತಿರ ‘ನೋವಿಗೆ ಏನಾದರೂ ಕೊಟ್ಟಿದ್ದೀರಾ, ಎಷ್ಟು ಹೊತ್ತಾಯಿತು’ ಅಂತ ಕೇಳು. ಹತ್ತು ನಿಮಿಷ ಕಾಯಬೇಕಾದರೆ ಕಾಯಿ. ಟೇಬಲ್ಲಿಗೆ ಎತ್ತಿ ಹಾಕುವ ಆತುರ ಬೇಡ, ಬಹಳಷ್ಟು ಸ್ಟ್ರೆಚರ್‌ಗಳ ಕೆಳಗೇ ಡಿಟೆಕ್ಟರ್ ಇಡುವ ತಟ್ಟೆಯಿರುತ್ತದೆ. ಎತ್ತಲೇಬೇಕಿದ್ದರೆ ಜಾರುಹಲಗೆ ಹಾಕಿ, ನಾಲ್ಕು ಜನ ಸೇರಿ, ಎಣಿಸಿಕೊಂಡು ಒಟ್ಟಿಗೆ ಸರಿಸಿ. ಏನು ಮಾಡಲಿದ್ದೀ ಅನ್ನುವುದನ್ನು ಮಾಡುವ ಮುಂಚೆ ಅಜ್ಜಿಗೆ ಹೇಳು, ಮಾಡುತ್ತಾ ಹೇಳಿದರೆ ತಡವಾಯಿತು.

ನಾನು ವಿದ್ಯಾರ್ಥಿನಿಯಾಗಿದ್ದಾಗ ಮೊಣಕೈ ಮಡಚಿಕೊಂಡೇ ಬಂದ ಹುಡುಗನೊಬ್ಬನಿಗೆ ‘ಕೈ ನೇರ ಮಾಡು ಪುಟ್ಟಾ’ ಅಂದಿದ್ದೆ. ಪುಸ್ತಕದಲ್ಲಿ ಹಾಗೇ ಇತ್ತು. ಪಾಪ, ಮಾತು ಕೇಳುವ ಹುಡುಗ, ಪ್ರಯತ್ನ ಮಾಡಿದ. ಅವನ ತುಟಿ ಬೆಳ್ಳಗಾಗಿದ್ದು, ಹಣೆಯ ಮೇಲೆ ಸಣ್ಣಗೆ ಬೆವರು ಮೂಡಿದ್ದು ಈಗಲೂ ಕಣ್ಣಮುಂದಿದೆ. ಮೊಣಕೈ ಮೇಲೆಯೇ ಮೂಳೆ ಮುರಿದಿತ್ತು. ಹಿರಿಯರೊಬ್ಬರು ಬಂದು ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಅವನನ್ನು ಕೂತಲ್ಲೇ ಬಿಟ್ಟು, ಟ್ಯೂಬನ್ನು ಅವನ ಸುತ್ತ ತಂದರು. ಬೈಯಲಿಲ್ಲ. ಆಮೇಲೆ ನನ್ನನ್ನೇ ಕೂರಿಸಿ ಅದೇ ಭಂಗಿಯಲ್ಲಿ ಮೂರು ಸಲ ಅಭ್ಯಾಸ ಮಾಡಿಸಿದರು. ಅಂದಿನಿಂದ ಇವತ್ತಿನವರೆಗೆ ಯಾವ ಮಗುವಿನ ಕೈಯನ್ನೂ ನಾನು ಎಳೆದು ನೇರ ಮಾಡಿಲ್ಲ.

— ಹಿರಿಯ ರೇಡಿಯೋಗ್ರಾಫರ್

ನಾನು ಆ ಅಜ್ಜಿಯ ಜಾಗದಲ್ಲಿ ಮಲಗಿದ್ದವನು. ಅಪಘಾತದಲ್ಲಿ ಕಾಲು ಮುರಿದು ಒಂದೇ ದಿನದಲ್ಲಿ ಎಕ್ಸ್‌ರೇ, ಸಿಟಿ ಎರಡೂ ಆಯಿತು. ಮೂರು ವಾರದ ಮೇಲೆ ಬೆನ್ನಿಗೆ ಎಂಆರ್‌ಐ. ನೋವು ಎಷ್ಟಿತ್ತು ಅಂತ ಈಗ ಕೇಳಿದರೆ ಹೇಳಲಾರೆ, ಮರೆತಿದೆ. ನೆನಪಿರುವುದು ದನಿ. ಎಂಆರ್‌ಐ ಕೊಳವೆಯೊಳಗೆ ಹೋಗುವ ಮುಂಚೆ ಆ ಹುಡುಗಿ ಕೈಗೊಂದು ರಬ್ಬರ್ ಬುರುಡೆ ಕೊಟ್ಟು, ‘ಉಸಿರು ಕಟ್ಟಿದ ಹಾಗಾದರೆ ಇದನ್ನು ಹಿಸುಕಿ, ನಾನು ಇಲ್ಲೇ ಇದ್ದೇನೆ’ ಅಂದರು. ಒಳಗೆ ಬಡಿತದ ಸದ್ದು ಶುರುವಾಯಿತು. ಪ್ರತಿ ಸಲವೂ ಸದ್ದು ನಿಂತಾಗ ಸ್ಪೀಕರ್‌ನಲ್ಲಿ ‘ಮುಂದಿನದು ನಾಲ್ಕು ನಿಮಿಷ, ಚೆನ್ನಾಗಿ ಮಲಗಿದ್ದೀರಿ’ ಅನ್ನುತ್ತಿದ್ದರು. ಆ ‘ನಾಲ್ಕು ನಿಮಿಷ’ ಅನ್ನುವ ಮಾತಿಲ್ಲದೆ ಹೋಗಿದ್ದರೆ ನಾನು ಹಿಸುಕಿ ಹೊರಗೆ ಬಂದಿರುತ್ತಿದ್ದೆ.

ಎಕ್ಸ್‌ರೇ ಕೋಣೆಯಲ್ಲಿ ನಾನೂ ಕೂಗಿಕೊಂಡಿದ್ದೆ. ಕೂಗಿದ್ದು ಚಿತ್ರ ತೆಗೆಯುತ್ತಿದ್ದ ಹುಡುಗನ ಮೇಲಲ್ಲಮ್ಮ, ನೋವಿನ ಮೇಲೆ. ನಿಮ್ಮ ಅಜ್ಜಿಯದೂ ಹಾಗೇ ಇದ್ದಿರಬೇಕು.

— ಒಬ್ಬ ಓದುಗ

ಭೌತಶಾಸ್ತ್ರ ತಲೆಗೆ ಹತ್ತುತ್ತಿಲ್ಲ, ವಿಕಿರಣದ ಭಯ ಅಂತ ಎರಡನ್ನೂ ಒಂದೇ ಪತ್ರದಲ್ಲಿ ಬರೆದಿದ್ದೀರಿ. ಪಾಠ ಮಾಡುವವನಾಗಿ ಹೇಳುತ್ತೇನೆ, ಇವು ಎರಡಲ್ಲ, ಒಂದೇ. ಮೊದಲನೆಯದು ಬಿಡಿಸಿಕೊಂಡಷ್ಟೂ ಎರಡನೆಯದು ಕರಗುತ್ತದೆ.

ಭಯಕ್ಕೆ ಕಾರಣವಿಲ್ಲ ಎನ್ನಲಾರೆ. ಜರ್ಮನಿಯ ವಿಜ್ಞಾನಿ ರಾಂಟ್ಜನ್ ಎಕ್ಸ್‌ರೇ ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಮರುವರ್ಷವೇ ಎಲ್ಲೆಡೆ ಬಳಕೆಗೆ ಬಂತು, ಆದರೆ ಜೋಪಾನ ಯಾರಿಗೂ ತಿಳಿದಿರಲಿಲ್ಲ. ಎಡಿಸನ್‌ರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡಿ ಟ್ಯೂಬುಗಳನ್ನು ಪರೀಕ್ಷಿಸುತ್ತಿದ್ದ. ಕೈಗಳನ್ನು ಕತ್ತರಿಸಬೇಕಾಯಿತು, 1904ರಲ್ಲಿ ತೀರಿಕೊಂಡ. ಇಂದು ನೀವು ಗಾಜಿನ ಹಿಂದೆ ನಿಂತು ಕೆಲಸ ಮಾಡುವುದಕ್ಕೆ ಅಂಥವರ ಕೈಗಳೇ ಕಾರಣ.

ಈಗಿನ ಲೆಕ್ಕ ನೋಡಿ. ಭೂಮಿ, ಆಕಾಶ, ಗಾಳಿ, ಆಹಾರಗಳಿಂದಲೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಮಾನ) ವಿಕಿರಣ ಸಿಗುತ್ತದೆ. ಎದೆಯ ಒಂದು ಎಕ್ಸ್‌ರೇಯಲ್ಲಿ ರೋಗಿಗೆ ಸಿಗುವುದು 0.1 ಮಿಲಿಸೀವರ್ಟ್‌ಗಿಂತ ಕಡಿಮೆ. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಅಂತರರಾಷ್ಟ್ರೀಯ ಶಿಫಾರಸಿನ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ತಡೆಯ ಹಿಂದೆ ನಿಂತು ಚಿತ್ರ ತೆಗೆಯುವವರ ಬ್ಯಾಡ್ಜ್‌ನಲ್ಲಿ (ಮೈಗೆ ತಾಗಿದ ವಿಕಿರಣ ಅಳೆಯುವ ಬಿಲ್ಲೆ) ದಾಖಲಾಗುವ ಅಂಕಿ ಆ ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ಅದನ್ನು ನೀವೇ ಕಾಣಬೇಕಾದರೆ ಬ್ಯಾಡ್ಜನ್ನು ಡ್ರಾಯರ್‌ನಲ್ಲಿ ಇಡದೆ ಮೈಮೇಲೆ ಹಾಕಿ. ಮುಂದೆ ಗರ್ಭಿಣಿಯಾದರೆ ಕೂಡಲೇ ತಿಳಿಸಿ, ಆಗ ಮಿತಿ ಇನ್ನೂ ಬಿಗಿಯಾಗುತ್ತದೆ, ಕೆಲಸವನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ.

ಯಂತ್ರದ ಪಕ್ಕದಲ್ಲಿ ನಿಲ್ಲಬೇಕಾದಾಗ ನಿಮಗೆ ತಾಗುವುದು ಹೆಚ್ಚಾಗಿ ಟ್ಯೂಬಿನಿಂದ ನೇರ ಬಂದದ್ದಲ್ಲ, ರೋಗಿಯ ಮೈಗೆ ಬಡಿದು ಚದುರಿದ್ದು. ಒಂದು ಮೀಟರ್ ದೂರದಲ್ಲಿ ಅದು ರೋಗಿಯ ಮೇಲೆ ಬಿದ್ದ ಕಿರಣದ ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿದಿರುತ್ತದೆ. ಎರಡು ಮೀಟರ್ ದೂರಕ್ಕೆ ಸರಿದರೆ ಅದರಲ್ಲೂ ಕಾಲು ಭಾಗ. ವಿಲೋಮ ವರ್ಗ ನಿಯಮ ಅಂತ ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಲ್ಲ, ಅದು ಇದೇ. ವಾರ್ಡಿನಲ್ಲಿ ಮೊಬೈಲ್ ಎಕ್ಸ್‌ರೇ ತೆಗೆಯುವಾಗ ಒಂದು ಹೆಜ್ಜೆ ಹಿಂದಿಡಿ, ಸೂತ್ರ ತಾನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಗುಂಡಿಯ ಮಾತಿಗೆ ಬರುತ್ತೇನೆ. ಕೆವಿ (ಟ್ಯೂಬಿಗೆ ಕೊಡುವ ವೋಲ್ಟೇಜ್) ಏರಿಸಿದರೆ ಕಿರಣದ ಒಳಹೊಗುವ ಶಕ್ತಿ ಏರುತ್ತದೆ, ಎಂಎಎಸ್ (ವಿದ್ಯುತ್ ಪ್ರವಾಹ ಮತ್ತು ಸಮಯದ ಗುಣಲಬ್ಧ) ಏರಿಸಿದರೆ ಕಿರಣದ ಪ್ರಮಾಣ ಏರುತ್ತದೆ. ಫಿಲ್ಮ್ ಇದ್ದ ಕಾಲದಲ್ಲಿ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ಎದ್ದು ಕಾಣುತ್ತಿತ್ತು. ಡಿಜಿಟಲ್ ಯಂತ್ರ ಅದನ್ನು ಸರಿಪಡಿಸಿ ಅಂದವಾಗಿಯೇ ತೋರಿಸುತ್ತದೆ. ರೋಗಿಗೆ ಬೇಕಾದ್ದಕ್ಕಿಂತ ಎರಡು ಪಟ್ಟು ಕಿರಣ ಹೋಗಿದ್ದರೂ ಚಿತ್ರ ನೋಡಿದವರಿಗೆ ಗೊತ್ತಾಗುವುದಿಲ್ಲ. ಪರದೆಯ ಮೂಲೆಯ ಎಕ್ಸ್‌ಪೋಷರ್ ಇಂಡೆಕ್ಸ್ (ಡಿಟೆಕ್ಟರ್‌ಗೆ ಎಷ್ಟು ಕಿರಣ ತಲುಪಿತು ಎಂದು ಹೇಳುವ ಅಂಕಿ) ಓದಬಲ್ಲ ಕಣ್ಣಿಗೆ ಮಾತ್ರ ತಿಳಿಯುತ್ತದೆ. ಆ ಕಣ್ಣು ಬರುವುದಕ್ಕೇ ಇಷ್ಟು ವರ್ಷದ ಓದು. ಇದನ್ನು ನಿಮ್ಮ ಮನೆಯವರಿಗೂ ಹೇಳಿ.

— ಭೌತಶಾಸ್ತ್ರದ ಉಪನ್ಯಾಸಕ

ಎಲ್ಲರೂ ಮುಂದುವರಿಸಿ ಅನ್ನುತ್ತಾರೆ. ನಾನು ಬಿಟ್ಟವಳು, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವರ್ಷ ಓದಿ ಬಿಟ್ಟೆ. ಅಂಕಗಳು ಚೆನ್ನಾಗಿದ್ದವು, ನನಗೆ ಭೌತಶಾಸ್ತ್ರವೇ ಇಷ್ಟ. ಪೋಸ್ಟಿಂಗಿನಲ್ಲಿ ಮಾತ್ರ ಒಬ್ಬರಾದ ಮೇಲೆ ಒಬ್ಬರು ರೋಗಿಗಳು ಬರುತ್ತಿದ್ದರೆ ನನ್ನ ಕಣ್ಣು ಗಡಿಯಾರದ ಮೇಲಿರುತ್ತಿತ್ತು. ಯಾರು ನರಳಿದರೂ ಮನಸ್ಸಿಗೆ ಏನೂ ತಾಗುತ್ತಿರಲಿಲ್ಲ, ಬರೀ ಸುಸ್ತು. ನನಗೆ ಇದು ಒಗ್ಗದು ಅಂತ ತಿಳಿಯಿತು. ಈಗ ಪ್ರಯೋಗಾಲಯದಲ್ಲಿದ್ದೇನೆ, ನೆಮ್ಮದಿಯಾಗಿದ್ದೇನೆ. ಬಿಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಆದರೆ ನಿನ್ನ ಪತ್ರದಲ್ಲಿ ಗಡಿಯಾರ ಎಲ್ಲೂ ಇಲ್ಲ, ಅಜ್ಜಿ ಇದ್ದಾರೆ. ನಿದ್ದೆ ಬಾರದ ರಾತ್ರಿಗಳಲ್ಲಿ ನಿರ್ಧಾರ ಮಾಡಬೇಡ. ಇನ್ನೊಂದು ಪೋಸ್ಟಿಂಗ್ ಮುಗಿಸು, ಬೇರೆ ವಿಭಾಗ ನೋಡು. ನಿದ್ದೆ ಹಾಗೇ ಕೆಡುತ್ತಿದ್ದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರ ಹತ್ತಿರ ಹೋಗು, ಒಬ್ಬಳೇ ಹೊತ್ತುಕೊಳ್ಳಬೇಡ.

— ಹಳೆಯ ವಿದ್ಯಾರ್ಥಿನಿ

ಹುಡುಗಿಯ ಅಪ್ಪ ಅಮ್ಮನಿಗೆ ಎರಡು ಮಾತು. ಮೊದಲ ಮಹಾಯುದ್ಧದ ಕಾಲದಲ್ಲಿ ಮೇರಿ ಕ್ಯೂರಿ ಎಕ್ಸ್‌ರೇ ಯಂತ್ರಗಳನ್ನು ವಾಹನಗಳಿಗೆ ಹೇರಿಸಿ ರಣರಂಗದ ಆಸ್ಪತ್ರೆಗಳಿಗೆ ಒಯ್ದರು, ಅವನ್ನು ನಡೆಸಲು ಸುಮಾರು 150 ಮಹಿಳೆಯರಿಗೆ ತರಬೇತಿ ಕೊಟ್ಟರು. ಬರೀ ಗುಂಡಿಯ ಕೆಲಸವಾಗಿದ್ದರೆ ಎರಡು ನೊಬೆಲ್ ಪಡೆದಾಕೆ ಕೂತು ಕಲಿಸಬೇಕಿರಲಿಲ್ಲ. ನನ್ನ ಮಗಳೂ ಇದೇ ಕೆಲಸದಲ್ಲಿದ್ದಾಳೆ. ರಾತ್ರಿಪಾಳಿ ಮುಗಿಸಿ ಬಂದಾಗ ‘ಇವತ್ತು ಯಾರು ಬಂದಿದ್ರು’ ಅಂತ ಕೇಳಿ ನೋಡಿ. ನನ್ನ ಮಗಳು ಹೇಳುವುದಕ್ಕೆ ಕಾಯುತ್ತಿರುತ್ತಾಳೆ.

— ಒಬ್ಬ ತಾಯಿ

ನಾನು ಕೊನೆಯ ವರ್ಷದಲ್ಲಿದ್ದೇನೆ, ನಿಮಗಿಂತ ಎರಡೇ ಹೆಜ್ಜೆ ಮುಂದೆ. ಹಾಗಾಗಿ ಸಣ್ಣಪುಟ್ಟದ್ದನ್ನೇ ಹೇಳುತ್ತೇನೆ.

ಹೆಸರು, ಹುಟ್ಟಿದ ದಿನ ಕೇಳುವಾಗ ‘ನೀವು ಇಂಥವರಲ್ವಾ’ ಅನ್ನಬೇಡಿ. ನೋವಿನಲ್ಲಿರುವವರು ಯಾವ ಹೆಸರು ಹೇಳಿದರೂ ಹೂಂ ಅನ್ನುತ್ತಾರೆ. ಅವರ ಬಾಯಿಂದಲೇ ಹೇಳಿಸಿ. ಎಡವೋ ಬಲವೋ ಎಂದು ಚಿತ್ರದಲ್ಲೇ ತೋರಿಸುವ ಮಾರ್ಕರನ್ನು ಚಿತ್ರ ತೆಗೆಯುವ ಮುಂಚೆ ಇಡಿ. ಆಮೇಲೆ ಕಂಪ್ಯೂಟರಿನಲ್ಲಿ ಹಾಕಿದರಾಯಿತು ಅನ್ನುವ ಅಭ್ಯಾಸ ಒಂದು ದಿನ ಕೈಕೊಡುತ್ತದೆ. ಎದೆಯ ಚಿತ್ರಕ್ಕೆ ‘ಉಸಿರು ಎಳೆದು ಹಿಡೀರಿ’ ಅಂತ ಒಂದೇ ಸಲ ಹೇಳಿ ಒತ್ತಬೇಡಿ. ಒಮ್ಮೆ ಎಳೆದು ಬಿಡಿಸಿ, ಎರಡನೇ ಉಸಿರಿಗೆ ತೆಗೆಯಿರಿ. ಹಿಂಬದಿಯ ಹತ್ತು ಪಕ್ಕೆಲುಬು ಎಣಿಸಲು ಸಿಕ್ಕರೆ ಉಸಿರು ಸಾಕಷ್ಟಿತ್ತು ಅಂತ ಅರ್ಥ. ನನ್ನ ರಿಪೀಟ್‌ಗಳು (ಮತ್ತೆ ತೆಗೆಯಬೇಕಾದ ಚಿತ್ರಗಳು) ಅರ್ಧಕ್ಕರ್ಧ ಇಳಿದದ್ದು ಈ ಎರಡನೇ ಉಸಿರಿನಿಂದ.

ಇನ್ನು ಯಾರೂ ಮೊದಲೇ ಹೇಳಿಕೊಡದ ಕಷ್ಟ ಒಂದಿದೆ. ಚಿತ್ರ ಪರದೆಗೆ ಬಂದಾಗ ಅದನ್ನು ಮೊದಲು ಕಾಣುವುದು ನಾವು. ಒಮ್ಮೆ ಬರೀ ಕೆಮ್ಮು ಅಂತ ಬಂದವರ ಶ್ವಾಸಕೋಶದಲ್ಲಿ ದೊಡ್ಡ ಬಿಳಿ ಗಂಟು ಕಂಡಿತು. ಎದೆ ಧಸಕ್ಕೆಂದಿತು. ಹೊರಗೆ ಬಂದರೆ ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ‘ಏನಾದ್ರೂ ಕಾಣಿಸ್ತಾ’ ಅಂದರು. ಏನೂ ಇಲ್ಲ ಅಂದರೆ ಸುಳ್ಳು, ಇದೆ ಅಂದರೆ ನನ್ನ ಅಧಿಕಾರವಲ್ಲ. ‘ಚಿತ್ರ ಚೆನ್ನಾಗಿ ಬಂದಿದೆ. ರೇಡಿಯಾಲಜಿಸ್ಟ್ ನೋಡಿ ವರದಿ ಕೊಡ್ತಾರೆ, ನಿಮ್ಮ ಡಾಕ್ಟರೇ ಹೇಳ್ತಾರೆ’ ಅಂದೆ. ಅವರು ಹೋದ ಕೂಡಲೇ ಮೇಲ್ವಿಚಾರಕರನ್ನು ಕರೆದು ತೋರಿಸಿದೆ. ಅಂದೇ ವರದಿಯಾಗುವಂತೆ ಅವರು ಮುಂದಕ್ಕೆ ಕಳಿಸಿದರು. ಮುಖದಲ್ಲಿ ಏನನ್ನೂ ತೋರಿಸದೆ, ಸುಳ್ಳನ್ನೂ ಹೇಳದೆ ನಿಲ್ಲುವುದನ್ನು ನಾನಿನ್ನೂ ಕಲಿಯುತ್ತಿದ್ದೇನೆ.

ನಿಮ್ಮ ಅಜ್ಜಿಯ ಎರಡೂ ಚಿತ್ರಗಳು ಇಲಾಖೆಯ ಕಂಪ್ಯೂಟರಿನಲ್ಲಿ ಇರುತ್ತವೆ. ಮುಂದಿನ ಪಾಳಿಯಲ್ಲಿ ಮೇಲ್ವಿಚಾರಕರ ಹತ್ತಿರ ‘ಇವನ್ನು ನನ್ನ ಜೊತೆ ಕೂತು ನೋಡ್ತೀರಾ’ ಅಂತ ಕೇಳಿ. ಮೊದಲ ಚಿತ್ರದಲ್ಲಿ ಏನು ತಪ್ಪಿತು, ಎರಡನೆಯದರಲ್ಲಿ ಏನು ಸಿಕ್ಕಿತು ಅಂತ ಲಾಗ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ವರದಿಯನ್ನೂ ಓದಿಸಿಕೊಳ್ಳಿ. ಆ ಎರಡನೇ ಚಿತ್ರದ ಮೇಲೆಯೇ ಅವರ ಸೊಂಟಕ್ಕೆ ಶಸ್ತ್ರಚಿಕಿತ್ಸೆ ನಿರ್ಧಾರವಾಗಿರಬಹುದು, ಅದನ್ನು ತೆಗೆದದ್ದು ನೀವು.

— ಕೊನೆಯ ವರ್ಷದ ವಿದ್ಯಾರ್ಥಿ