ಸಹಾಯ ಬೇಕು: ಇಂಗ್ಲೆಂಡಿನ ನರ್ಸ್ ಕೆಲಸ, ಸ್ಪಾನ್ಸರ್‌ಶಿಪ್‌ಗೆ 6 ಲಕ್ಷ ಕೇಳುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ. ತಂಗಿ ಮಂಗಳೂರಿನಲ್ಲಿ ನರ್ಸ್, ಓಇಟಿ (ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ) ಪಾಸಾಗಿದ್ದಾಳೆ. ಒಬ್ಬ ಏಜೆಂಟ್ ‘ಅಲ್ಲಿನ ಆಸ್ಪತ್ರೆಯವರೇ ಸ್ಪಾನ್ಸರ್ ಮಾಡುತ್ತಾರೆ, ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್‌ಗೆ 6 ಲಕ್ಷ ಕೊಡಿ’ ಅನ್ನುತ್ತಿದ್ದಾನೆ. ಅಪ್ಪ ಅಡಿಕೆ ಮಾರಿದ ದುಡ್ಡು ಎತ್ತಿಟ್ಟಿದ್ದಾರೆ, ತೋಟದ ಮೇಲೆ ಸಾಲಕ್ಕೂ ತಯಾರು. ನನಗೆ ಮಾತ್ರ ಯಾಕೋ ಕಸಿವಿಸಿ.

ನಾನು ಓದಿ ತಿಳಿದದ್ದು ಇಷ್ಟು. ಸ್ಪಾನ್ಸರ್ ಲೈಸೆನ್ಸ್ ಇರುವ ಸಂಸ್ಥೆ ಮಾತ್ರ ಹೊರಗಿನವರನ್ನು ಕರೆಸಿಕೊಳ್ಳಬಹುದು. ಅವರ ಪಟ್ಟಿ ಬ್ರಿಟನ್ ಸರಕಾರದ ವೆಬ್‌ಸೈಟಿನಲ್ಲೇ ಇದೆ. ಸರ್ಟಿಫಿಕೇಟ್ ಅಂದರೆ ಕಾಗದವೇ ಅಲ್ಲ, ಕಂಪ್ಯೂಟರಿನಲ್ಲಿರುವ ದಾಖಲೆ. ಅದರ ನಂಬರ್ ಕೊಟ್ಟು ವೀಸಾಕ್ಕೆ ಅರ್ಜಿ ಹಾಕುವುದು. 2024ರ ಡಿಸೆಂಬರ್ 31ರಿಂದ ಈಚೆಗೆ ಕೊಟ್ಟ ಸರ್ಟಿಫಿಕೇಟಿನ ಫೀಸನ್ನು ಕೆಲಸಕ್ಕೆ ಸೇರುವವರಿಂದ ವಸೂಲು ಮಾಡುವಂತೆಯೂ ಇಲ್ಲ. ಇವನು ವಾಟ್ಸಾಪಿನಲ್ಲಿ ಕಳಿಸಿದ್ದು ಸೀಲು ಹೊಡೆದ ಪಿಡಿಎಫ್. ಆಸ್ಪತ್ರೆಯ ಹೆಸರೇ ಎರಡು ಕಡೆ ಎರಡು ಥರ! ನಮ್ಮಲ್ಲಿ ಏಜೆಂಟರ ಶುಲ್ಕಕ್ಕೂ 30,000 ರೂಪಾಯಿ, ಮೇಲೆ ಜಿಎಸ್‌ಟಿ ಅಂತ ಮಿತಿ ಇದೆ, ಅಲ್ವಾ?

ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆಯ ಮೂಲಕ ಹೋದ ನರ್ಸ್‌ಗಳು ಇಲ್ಲಿ ಯಾರಾದರೂ ಇದ್ದೀರಾ? ಕೇಂದ್ರ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಏಜೆಂಟನ ಲೈಸೆನ್ಸ್ ನೋಡುವುದು ಹೇಗೆ? ಕನ್ನಡದಲ್ಲೇ ಹೇಳಿ, ಅಪ್ಪನಿಗೆ ಓದಿ ಹೇಳಬೇಕು. ಮಲಯಾಳ ಅವರಿಗೆ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಶನಿವಾರ ಅಡ್ವಾನ್ಸ್ ಕೊಡಬೇಕಂತೆ, ಅಷ್ಟರೊಳಗೆ ಗೊತ್ತಾದರೆ ಉಪಕಾರ.