ಸಿವಿಲ್ ಬ್ಯಾಚ್ ಗುಂಪು: ನಕ್ಷತ್ರ ಗೋಪುರದ ಫಾರ್ವರ್ಡ್

ಪ್ರಸನ್ನ: (ಫೋಟೋ ಜೊತೆ ಫಾರ್ವರ್ಡ್) ಟಿಬೆಟ್‌ನ ನಿಗೂಢ ನಕ್ಷತ್ರ ಗೋಪುರಗಳು! 1,800 ವರ್ಷ ಹಳೆಯವು. ಗಾರೆ ಇಲ್ಲ, ಕಟ್ಟಿದವರು ಯಾರೋ ಗೊತ್ತಿಲ್ಲ, ಎಂಥ ಭೂಕಂಪಕ್ಕೂ ಜಗ್ಗಲ್ಲ. ಹತ್ತು ಜನಕ್ಕೆ ಕಳಿಸಿ.

ಶೈಲಜಾ: ಫೋಟೋ ಸರಿ ಇದೆ, ಚೀನಾದ ಪಶ್ಚಿಮ ಸಿಚುವಾನ್‌ನ ದಾನ್ಬಾ. ಉಳಿದದ್ದು ಬೊಗಳೆ. ಸುಣ್ಣದ ಗಾರೆ ಇಲ್ಲ ನಿಜ, ಜೇಡಿಮಣ್ಣು ಕಲಸಿ ಹಾಕಿದ್ದಾರೆ.

ಪ್ರಸನ್ನ: ಮಣ್ಣಲ್ಲಿ ಅಷ್ಟೆತ್ತರ ನಿಲ್ಲುತ್ತಾ ಮಾರಾಯ್ತಿ?

ಶೈಲಜಾ: ನಿಲ್ಲಿಸೋದು ಮಣ್ಣಲ್ಲ ಕಣೋ, ಕಟ್ಟು. ಬುಡದಲ್ಲಿ ಗೋಡೆ ದಪ್ಪ, ಮೇಲೆ ಹೋದಂತೆ ಹೊರಮೈ ಒಳಕ್ಕೆ ಸರಿಯುತ್ತೆ. ಸಂದಿನ ಮೇಲೆ ಸಂದು ಬರಬಾರದು, ಸಂದಿಗೆ ಚಕ್ಕೆಕಲ್ಲು ಬಡಿದಿರ್ತಾರೆ. ನಡುನಡುವೆ ಗೋಡೆಯೊಳಗೇ ಮರದ ಹಲಗೆ ಅಡ್ಡ ಹಾಸಿರ್ತಾರೆ. ಅಲುಗಾಡಿದಾಗ ಬರೋ ಎಳೆತ ಕಲ್ಲಿಗೆ ತಡೆಯೋಕಾಗಲ್ಲ, ಮರ ತಡೆಯುತ್ತೆ. ನಕ್ಷತ್ರದ ಹಾಗೆ ಕಾಣೋ ಎಂಟು ಮೂಲೆಯ ಗೋಪುರದ ಒಳಗೆ ದುಂಡಗೆ, ಹೊರಗಷ್ಟೇ ಮೂಲೆ. ಅಂದ್ರೆ ಒಂದೊಂದು ಮೂಲೆಯೂ ಬುಡದಿಂದ ತುದಿವರೆಗೆ ಆನಿಕೆ.

ಶೈಲಜಾ: ಭೂಕಂಪಕ್ಕೆ ಜಗ್ಗಲ್ಲ ಅನ್ನೋದೂ ಸುಳ್ಳು. 2008ರ ವೆನ್‌ಚುವಾನ್ ಕಂಪನದಲ್ಲಿ ಎಷ್ಟೋ ಗೋಪುರಗಳಿಗೆ ಪೆಟ್ಟಾಗಿದೆ. ಚಾವಣಿ ಹೋದ್ರೆ ಮಳೆನೀರು ಇಳಿಯುತ್ತೆ, ಮಣ್ಣು ತೊಳೆಯುತ್ತೆ, ಹಲಗೆ ಕೊಳೆಯುತ್ತೆ. ಆಮೇಲೆ ಮೇಲಿಂದ ಉದ್ದಕ್ಕೆ ಬಿರುಕು.

ಗಿರೀಶ: ವಯಸ್ಸಿನ ಲೆಕ್ಕಕ್ಕೂ ಆ ಹಲಗೆಯೇ ಆಧಾರ. 1998ರಿಂದ ಫ್ರಾನ್ಸಿನ ಫ್ರೆಡೆರಿಕ್ ದರಗೊನ್ ಅನ್ನೋ ಸಂಶೋಧಕಿ ಮರದ ಚೂರು ತೆಗೆದು ಕಾರ್ಬನ್ ಪರೀಕ್ಷೆ ಮಾಡಿಸಿದ್ರು. ಆದ್ರೆ ಅದು ಹೇಳೋದು ಮರ ಬೆಳೆದ ಕಾಲ, ಗೋಡೆ ಎದ್ದ ಕಾಲವಲ್ಲ. ಹಳೇ ಮನೆಯ ತೊಲೆ ಮತ್ತೆ ಬಳಸಿದ್ರೆ ಗೋಪುರಕ್ಕೆ ಸುಮ್ನೆ ವಯಸ್ಸಾಗುತ್ತೆ, ರಿಪೇರಿ ಹಲಗೆ ಸಿಕ್ರೆ ಹರೆಯ. ತಿರುಳಿನ ಬದಲು ತೊಗಟೆ ಪಕ್ಕದ ಉಂಗುರ ತೆಗೀಬೇಕು.

ಪ್ರಸನ್ನ: ಕಟ್ಟಿದವರು?

ಗಿರೀಶ: ಗ್ಯಾಲ್‌ರೊಂಗ್, ಚಿಯಾಂಗ್ ಜನರ ನಾಡು ಅದು. ‘ನಂತರದ ಹಾನ್ ವಂಶದ ಚರಿತ್ರೆ’ ಅನ್ನೋ ಚೀನೀ ಗ್ರಂಥ 5ನೇ ಶತಮಾನದ್ದು, ಅದರಲ್ಲೇ ಆ ಬೆಟ್ಟದವರ ಹತ್ತು ಝಾಂಗ್ ಮೀರಿದ ಕಲ್ಲುಮನೆಗಳ ಮಾತಿದೆ. ಹತ್ತು ಝಾಂಗ್ ಅಂದ್ರೆ ಸುಮಾರು 23 ಮೀಟರ್. ನಿಗೂಢ ಎಲ್ಲಿಂದ ಬಂತು? ಯುದ್ಧಕ್ಕೇ ಕಟ್ಟಿದ್ದು. ಅಲ್ಲೇ ನಡೆದ ಜಿನ್‌ಚುವಾನ್ ಯುದ್ಧಗಳಲ್ಲಿ (1747–49, 1771–76) ಇವು ಚೀನಾದ ಚಿಯೆನ್‌ಲುಂಗ್ ದೊರೆಯ ಸೈನ್ಯದ ಬೆವರಿಳಿಸಿದ್ವು. ಬೀಜಿಂಗ್ ಹತ್ತಿರ ಇಂಥವೇ ಕಟ್ಟಿಸಿ ಸೈನಿಕರಿಗೆ ಹತ್ತೋ ತಾಲೀಮು ಕೊಟ್ಟ ಆತ!

ಶೈಲಜಾ: ಯುದ್ಧಕ್ಕೇ ಅನ್ನಬೇಡ. ಮನೆಗೆ ಅಂಟಿಕೊಂಡೇ ಎಷ್ಟೊಂದಿವೆ! ಅದು ಮನೆತನದ ಪ್ರತಿಷ್ಠೆ. ದಕ್ಷಿಣ ಟಿಬೆಟ್‌ನ ಸೇಖರ್ ಗುಥೋಕ್ ನೋಡು, ಒಂಬತ್ತು ಅಂತಸ್ತು. ಬೌದ್ಧ ಗುರು ಮಾರ್ಪ ತನ್ನ ಮಗನಿಗಾಗಿ ಶಿಷ್ಯ ಮಿಲರೇಪನ ಕೈಲಿ ಕಟ್ಟಿಸಿದ ಅಂತ ಕಥೆ. ಅದಕ್ಕೂ ಮುಂಚೆ ಕಟ್ಟಿಸಿ ಕೆಡವಿಸಿ, ಕಲ್ಲನ್ನೆಲ್ಲ ತಂದ ಜಾಗಕ್ಕೇ ವಾಪಸ್ ಹೊರಿಸಿದ್ದನಂತೆ. ಸೇಖರ್ ಅಂದ್ರೇನೇ ಮಗನ ಕೋಟೆ.

ಗಿರೀಶ: ಹಾಗಾದ್ರೆ ಬಾಗಿಲು ನೆಲದಿಂದ ಅಷ್ಟು ಮೇಲೆ ಯಾಕೆ? ಮೆಟ್ಟಿಲು ಕೆತ್ತಿದ ಮರದ ದಿಮ್ಮಿ ಆನಿಸಿ ಹತ್ತಬೇಕು, ಹತ್ತಿದವರು ಅದನ್ನ ಒಳಕ್ಕೆ ಎಳ್ಕೊಂಡ್ರೆ ಮುಗೀತು.

ಶೈಲಜಾ: ಕಣಜಕ್ಕೂ ಹಾಗೇ ಮಾಡ್ತಾರಪ್ಪ.

ಪ್ರಸನ್ನ: ನಾನು ಆಗ್ಲೇ ಮೂರು ಗುಂಪಿಗೆ ಕಳಿಸಿಬಿಟ್ಟಿದ್ದೀನಿ. ಈಗ ಏನ್ ಮಾಡ್ಲಿ?